ಬೈಕಿಗೆ ಕಟ್ಟಿದ ಗಾಳಿಕುದುರೆ

ಪ್ರಶ್ನೆ: ಬೈಲಕುಪ್ಪೆಗೆ ಹೋದಾಗ ಟಿಬೆಟನ್ನರ ಬಣ್ಣದ ಬಾವುಟಗಳ ಸಾಲೊಂದನ್ನು ಕೊಂಡು ಬೈಕಿನ ಹ್ಯಾಂಡಲ್‌ಗೆ ಕಟ್ಟಿದ್ದೆ. ಈಗ ಬಣ್ಣ ಹೋಗಿ ಅಂಚು ಹರಿದಿದೆ. ಬಿಸಾಡಬಹುದೇ? ಅದರ ಮೇಲೆ ಬರೆದಿರುವುದೇನು?

ಬಿಸಾಡಬೇಡಿ, ಸುಟ್ಟುಬಿಡಿ. ಬಣ್ಣ ಹೋಯಿತೆಂದು ಮರುಗಬೇಕಾಗಿಯೂ ಇಲ್ಲ. ಅವನ್ನು ಕಟ್ಟುವುದೇ ಬಿಸಿಲು, ಮಳೆ, ಗಾಳಿಗೆ ಸಿಕ್ಕಿ ಸವೆಯಲೆಂದು.

ಸುಡುವ ಮುನ್ನ ಒಂದು ಚೌಕವನ್ನು ಬಿಡಿಸಿ ನೋಡಿ. ನಡುವೆ ಕುದುರೆಯ ಚಿತ್ರವಿದ್ದರೆ ಅದು ಲುಂಗ್‌ತಾ. ಲುಂಗ್ ಎಂದರೆ ಗಾಳಿ, ತಾ ಎಂದರೆ ಕುದುರೆ. ಅದರ ಬೆನ್ನ ಮೇಲೆ ಜ್ವಾಲೆ ಸೂಸುವ ರತ್ನಗಳಿರುತ್ತವೆ. ಬುದ್ಧ, ಧರ್ಮ, ಸಂಘ ಎಂಬ ತ್ರಿರತ್ನಗಳ ಗುರುತು ಅದು. ನಾಲ್ಕು ಮೂಲೆಗಳಲ್ಲಿ ಗರುಡ, ಡ್ರ್ಯಾಗನ್, ಹುಲಿ, ಹಿಮಸಿಂಹ. ಉಳಿದ ಜಾಗದಲ್ಲೆಲ್ಲ ಒತ್ತೊತ್ತಾಗಿ ಅಕ್ಷರಗಳು. ಹಿಂದೆ ಇವನ್ನು ಮರದ ಅಚ್ಚಿನಿಂದ ಒತ್ತುತ್ತಿದ್ದರು. ಲಿಪಿ ಟಿಬೆಟನ್ ಆದರೂ ಮಂತ್ರಗಳು ಸಂಸ್ಕೃತದವು. ‘ಓಂ ಮಣಿ ಪದ್ಮೇ ಹೂಂ’ ಎಂದು ಯಾರಾದರೂ ಓದಿ ಹೇಳಿದರೆ ನಮ್ಮ ಕಿವಿಗೆ ಪರಕೀಯವೆನಿಸದು. ಬಣ್ಣಗಳೂ ಅಷ್ಟೇ: ನೀಲಿ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಭೂಮಿ. ನಮ್ಮ ಪಂಚಭೂತಗಳೇ! ಸಾಲು ಕಟ್ಟುವುದೂ ಇದೇ ಕ್ರಮದಲ್ಲಿ.

ಮಂತ್ರವನ್ನು ಸವರಿಕೊಂಡು ಹೋದ ಗಾಳಿ ತಾನು ಬೀಸಿದಲ್ಲೆಲ್ಲ ಒಳಿತನ್ನು ಒಯ್ಯುತ್ತದೆ ಎಂಬುದು ನಂಬಿಕೆ. ಆ ಒಳಿತು ಸಕಲ ಜೀವಿಗಳಿಗೂ ಸಲ್ಲಬೇಕು, ಕಟ್ಟಿದವನೊಬ್ಬನಿಗಲ್ಲ. ಆದ್ದರಿಂದಲೇ ಗಾಳಿ ಹೆಚ್ಚು ಬೀಸುವ ಬೆಟ್ಟದ ನೆತ್ತಿ, ಘಟ್ಟದ ತಿರುವು, ಸೇತುವೆಗಳಲ್ಲಿ ಇವು ಕಾಣುತ್ತವೆ. ಲುಂಗ್‌ತಾ ಎಂಬ ಮಾತಿಗೆ ಅದೃಷ್ಟವೆಂಬ ಅರ್ಥವೂ ಇದೆ. ಹಿಡಿದ ಕೆಲಸ ಕೈಗೂಡದವನ ಲುಂಗ್‌ತಾ ಕುಸಿದಿದೆ ಎನ್ನುತ್ತಾರೆ. ಟಿಬೆಟನ್ ಹೊಸವರ್ಷವಾದ ಲೋಸರ್ ಹೊತ್ತಿಗೆ ಹೊಸ ಸಾಲು ಕಟ್ಟುವುದು ವಾಡಿಕೆ. ಹಳೆಯದು ಮಾಸಿದ್ದರೆ ಅದರ ಪ್ರಾರ್ಥನೆಯನ್ನು ಗಾಳಿ ಒಯ್ದಿದೆ ಎಂದೇ ಲೆಕ್ಕ.

ಹಾಗಾದರೆ ಕಸದ ಬುಟ್ಟಿಗೆ ಏಕೆ ಹಾಕಬಾರದು? ಅಕ್ಷರಗಳಿಗಾಗಿ. ಮಂತ್ರ ಬರೆದದ್ದು ನೆಲಕ್ಕೆ ಬೀಳಬಾರದು, ಅದನ್ನು ಯಾರೂ ತುಳಿಯಬಾರದು. ಕಾಲು ತಗುಲಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೈಕಿಗೆ ಕಟ್ಟುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಚಕ್ರದ ಪಕ್ಕದಲ್ಲಿ, ಕಾಲಿನ ಮಟ್ಟದಲ್ಲಿ ಕೆಸರು ಮೆತ್ತಿಕೊಂಡು ನೇತಾಡುವ ಬಾವುಟ ಕಂಡರೆ ಮುಜುಗರವಾಗುತ್ತದೆ.

ನಿಮ್ಮದು ಪಾಲಿಯೆಸ್ಟರ್ ಆಗಿದ್ದರೆ ಮನೆಯೊಳಗೆ ಸುಡಬೇಡಿ, ಕೆಟ್ಟ ಹೊಗೆ ಬರುತ್ತದೆ. ಮುಂದಿನ ಸಲ ತೆಳು ಹತ್ತಿಯದನ್ನೇ ಕೇಳಿ ಕೊಳ್ಳಿ. ಬೇಗ ಮಾಸುತ್ತದೆ, ಬೇಗ ಹರಿಯುತ್ತದೆ.