ಟೆಕ್ಸಸ್ ಜಾಮೀನು ತಿದ್ದುಪಡಿ: ಈ ಗಂಟು ಬಿದ್ದಿದ್ದು ಹೇಗೆ?

ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ. ಟೆಕ್ಸಸ್‌ನ ಮತದಾರರು 2025ರ ನವೆಂಬರ್ 4ರಂದು ತಮ್ಮ ಸಂವಿಧಾನದ ಜಾಮೀನು ನಿಯಮ ಬದಲಿಸಲು, ಅಂದರೆ ಆಯ್ದ ಗಂಭೀರ ಅಪರಾಧಗಳ ಆರೋಪಿಗಳಿಗೆ ಜಾಮೀನು ನಿರಾಕರಿಸಲು ಒಪ್ಪಿದರು. ಕೆಲವರು ಇದನ್ನು ಜನರ ರಕ್ಷಣೆ ಅಂತಾರೆ, ಕೆಲವರು ಹಕ್ಕಿಗೆ ಕತ್ತರಿ ಅಂತಾರೆ. ಹಿಂದಿನ ಕತೆ ಗೊತ್ತಿಲ್ಲದಿದ್ದರೆ ಎರಡೂ ಅರ್ಧ ಸತ್ಯವಾಗಿಯೇ ಕಾಣುತ್ತವೆ.

1876ರ ಸಂವಿಧಾನದ ಪ್ರಕಾರ ಮರಣದಂಡನೆಯ ಪ್ರಕರಣ ಬಿಟ್ಟರೆ ಬಹುತೇಕ ಎಲ್ಲರಿಗೂ ಜಾಮೀನಿನ ಹಕ್ಕಿತ್ತು. ಆಮೇಲಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸೇರಿದ್ದು ಬೆರಳೆಣಿಕೆಯ ವಿನಾಯಿತಿಗಳಷ್ಟೇ. ಹಾಗಾಗಿ ಅಪಾಯಕಾರಿ ಅನಿಸಿದವರನ್ನು ಒಳಗಿಡಲು ನ್ಯಾಯಾಧೀಶರಿಗೆ ಉಳಿದಿದ್ದು ಒಂದೇ ದಾರಿ: ಜಾಮೀನಿನ ಮೊತ್ತ ಏರಿಸುವುದು. ದುಡ್ಡಿದ್ದವರು ಅದನ್ನೂ ಕಟ್ಟಿ ಹೊರಬರುತ್ತಿದ್ದರು.

ದುಡ್ಡಿನ ಇದೇ ಅಳತೆಗೋಲು ಸಣ್ಣ ಕೇಸುಗಳಿಗೂ ಬಿತ್ತು. ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಇದು ಜಾಸ್ತಿ ಕಂಡಿತು. ಮಾನ್ಯ ಲೈಸೆನ್ಸ್ ಇಲ್ಲದೆ ಕಾರು ಓಡಿಸಿದಳು ಅಂತ ಒಬ್ಬ ತಾಯಿಯನ್ನು 2016ರಲ್ಲಿ ಹಿಡಿದರು. ಜಾಮೀನು 2,500 ಡಾಲರ್. ಕಟ್ಟಲಾಗದೆ ಆಕೆ ಜೈಲಿನಲ್ಲೇ ಉಳಿದಳು. ಆರೋಪಿಯ ಪರವಾಗಿ ಜಾಮೀನು ನಿಲ್ಲುವ ಬಾಂಡ್ ಕಂಪನಿಗೆ ಮೊತ್ತದ ಸುಮಾರು ಹತ್ತನೇ ಒಂದು ಭಾಗ ಕೊಟ್ಟರೆ ಬಿಡುಗಡೆ ಸಿಗುತ್ತದೆ, ಆದರೆ ಆ ಹಣ ವಾಪಸ್ ಬರುವುದಿಲ್ಲ. ಅಷ್ಟೂ ಇಲ್ಲದವರು ಏನು ಮಾಡಬೇಕು? ತಪ್ಪೊಪ್ಪಿಕೊಂಡರೆ ಇವತ್ತೇ ಮನೆಗೆ ಹೋಗಬಹುದು ಅಂದಾಗ ತಪ್ಪು ಮಾಡದವರೂ ಒಪ್ಪಿಕೊಳ್ಳುತ್ತಾರೆ ಅಲ್ವಾ?

ಆಕೆ ಹೂಡಿದ ದಾವೆಯಲ್ಲಿ 2017ರ ಏಪ್ರಿಲ್‌ನಲ್ಲಿ ಫೆಡರಲ್ (ಕೇಂದ್ರದ) ನ್ಯಾಯಾಧೀಶೆ ಲೀ ರೋಸೆಂತಾಲ್ ಆದೇಶ ಕೊಟ್ಟರು. ಬಡತನದ ಕಾರಣಕ್ಕೆ ಸಣ್ಣ ಆರೋಪದವರನ್ನು ಹೀಗೆ ಕೂಡಿಹಾಕುವುದು ಅಮೆರಿಕದ ಸಂವಿಧಾನಕ್ಕೆ ವಿರುದ್ಧ ಎಂದರು. 2019ರಲ್ಲಿ ಕೌಂಟಿ ರಾಜಿಗೆ ಬಂತು. ಸಣ್ಣ ಆರೋಪದ ಹೆಚ್ಚಿನವರು ಹಣ ಕಟ್ಟದೆ ಹೊರಬರತೊಡಗಿದರು.

ಆದರೆ ಆದೇಶ ಬಂದ ವರ್ಷವೇ ಇನ್ನೊಂದು ಘಟನೆ ನಡೆಯಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಡೇಮನ್ ಆಲೆನ್ ಎಂಬ ರಾಜ್ಯ ಪೊಲೀಸ್ ಗುಂಡೇಟಿಗೆ ಬಲಿಯಾದರು. ಆರೋಪಿ 15,500 ಡಾಲರ್ ಜಾಮೀನಿನ ಮೇಲೆ ಹೊರಗಿದ್ದವನು. ಅಂದರೆ ಅವನು ಬಿಡುಗಡೆಯಾಗಿದ್ದೂ ಹಣದ ಜಾಮೀನಿನ ಮೇಲೆಯೇ. ಚರ್ಚೆಯಲ್ಲಿ ಈ ಮಾತು ಹೆಚ್ಚು ಕೇಳಲೇ ಇಲ್ಲ.

ಆಲೆನ್ ಹೆಸರಿನ ಕಾಯ್ದೆ 2021ರಲ್ಲಿ ಬಂತು. ಹಿಂಸೆಯ ಆರೋಪ ಇರುವವರಿಗೆ ಹಣವಿಲ್ಲದ ಬಿಡುಗಡೆ ನಿಂತಿತು. ರಾಜ್ಯದ ಸಂವಿಧಾನ ತಿದ್ದಲು ಮಾತ್ರ ಶಾಸಕಾಂಗದ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. 2021ರಲ್ಲೂ 2023ರಲ್ಲೂ ಅದು ಸಿಗಲಿಲ್ಲ. 2025ರಲ್ಲಿ ಎರಡೂ ಪಕ್ಷಗಳವರು ಕೂತು ಮಾತಾಡಿ ಒಪ್ಪಿದರು.

ಹೊಸ ನಿಯಮ ಕೊಲೆ, ಗಂಭೀರ ಲೈಂಗಿಕ ಹಲ್ಲೆ, ಮಾನವ ಸಾಗಣೆಯಂಥ ಆಯ್ದ ಅಪರಾಧಗಳಿಗೆ ಮಾತ್ರ. ಜಾಮೀನು ಕೊಟ್ಟರೆ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಅಥವಾ ಜನರಿಗೆ ಅಪಾಯ ಅಂತ ಸರ್ಕಾರಿ ವಕೀಲರು ಸಾಬೀತು ಮಾಡಿದರೆ ನ್ಯಾಯಾಧೀಶರು ನಿರಾಕರಿಸಲೇಬೇಕು. ಜಾಮೀನು ಕೊಟ್ಟರೆ ಅದಕ್ಕೆ ಕಾರಣ ಬರೆದು ಕೊಡಬೇಕು. ಆ ವಿಚಾರಣೆಯಲ್ಲಿ ಆರೋಪಿಗೆ ವಕೀಲರ ಹಕ್ಕಿದೆ. ಸುಮ್ನೆ ಮೊತ್ತ ಏರಿಸಿ ಕೂಡಿಹಾಕುವುದಕ್ಕಿಂತ ಇದು ಪ್ರಾಮಾಣಿಕ ವಿಧಾನ.

ಆದರೆ ಹಣವಿಲ್ಲದೆ ಒಳಗೆ ಕೂತವರ ಬಗ್ಗೆ ತಿದ್ದುಪಡಿಯಲ್ಲಿ ಒಂದು ಮಾತೂ ಇಲ್ಲ. ಅವರಿಗಿದ್ದ ಫೆಡರಲ್ ಕೋರ್ಟಿನ ಬಾಗಿಲೂ ಕಿರಿದಾಗಿದೆ. 2023ರಲ್ಲಿ ಡಲ್ಲಾಸ್ ಕೌಂಟಿಯ ದಾವೆಯಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಇಂಥ ದೂರನ್ನು ರಾಜ್ಯದ ಕೋರ್ಟುಗಳಲ್ಲೇ ಬಗೆಹರಿಸಿಕೊಳ್ಳಬೇಕು ಅಂದಿತು.