ಲೈಬ್ರರಿಯ ಎಲ್ಲ ಕಂಪ್ಯೂಟರ್‌ಗೂ ಇ-ಪುಸ್ತಕದ ತಂತ್ರಾಂಶ ಒಂದೇ ದಿನ ಹಾಕಬಹುದಾ?

ಪ್ರಶ್ನೆ: ಗದಗದ ಒಂದು ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತೇನೆ. 12 ಕಂಪ್ಯೂಟರ್ ಇವೆ. ಇ-ಪುಸ್ತಕ ಎರವಲು ಕೊಡಲು ಅಡೋಬಿ ಡಿಜಿಟಲ್ ಎಡಿಷನ್ಸ್ ಹಾಕಲು ಹೇಳಿದ್ದಾರೆ. ಭಾನುವಾರ ಕೂತು ಎಲ್ಲಕ್ಕೂ ಹಾಕಿಬಿಡಲೇ?

ಉತ್ತರ: ಬೇಡ ರೀ. ಈ ಭಾನುವಾರ ಒಂದಕ್ಕೆ ಮಾತ್ರ ಹಾಕಿ. ಒಂದು ವಾರ ಮಕ್ಕಳು ಅದನ್ನು ಬಳಸಲಿ.

ಹಾಕುವುದು ಸುಲಭ. ತೊಂದರೆ ಶುರುವಾಗುವುದು ಸೋಮವಾರ, ವಿದ್ಯಾರ್ಥಿ ಬಂದು ಕೂತಾಗ. ಧಾರವಾಡದ ಒಂದು ಸಂಸ್ಥೆಯಲ್ಲಿ ನಾನು ಇಡೀ ಲ್ಯಾಬಿಗೆ ಇದನ್ನು ಹಾಕಿ, ನನ್ನ ಅಡ್ಮಿನ್ ಲಾಗಿನ್‌ನಲ್ಲೇ ತೆರೆದು ನೋಡಿ ಮನೆಗೆ ಹೋಗಿದ್ದೆ. ಮರುದಿನ ಎಂ.ಎ. ಓದುವ ಹುಡುಗಿಯೊಬ್ಬಳು ಪುಸ್ತಕ ಇಳಿಸಿಕೊಂಡಳು. ಇದನ್ನು ಯಾವುದರಲ್ಲಿ ತೆರೆಯಲಿ ಎಂದು ವಿಂಡೋಸ್ ಕೇಳಿತು. ಯಾವ ಫೈಲ್ ಯಾವುದರಲ್ಲಿ ತೆರೆಯಬೇಕು ಅನ್ನುವುದು ಒಂದೊಂದು ಲಾಗಿನ್‌ಗೂ ಬೇರೆ ಇರಬಹುದು, ಅದನ್ನು ನಾನು ನೋಡಿರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಅವಳು ಏನೂ ಅನ್ನದೆ ಎದ್ದು ಹೋದದ್ದು ಇನ್ನೂ ನೆನಪಿದೆ. ಈಗ ವಿದ್ಯಾರ್ಥಿಯ ಲಾಗಿನ್‌ನಲ್ಲಿ ಒಂದು ಪುಸ್ತಕ ಎರವಲು ಪಡೆದು, ಓದಿ, ಹಿಂತಿರುಗಿಸಿ ನೋಡದೆ ನಾನು ಏಳುವುದಿಲ್ಲ.

ಮೊದಲು ಇಳಿಯುವುದು ಪುಸ್ತಕವಲ್ಲ, ಎಸಿಎಸ್‌ಎಂ ಎಂಬ ಪುಟ್ಟ ಫೈಲ್. ಕೌಂಟರಿನಲ್ಲಿ ಕೊಡುವ ಚೀಟಿ ಇದ್ದ ಹಾಗೆ. ಅದನ್ನು ಡಿಜಿಟಲ್ ಎಡಿಷನ್ಸ್‌ನಲ್ಲಿ ತೆರೆದಾಗಲೇ ಇಪಬ್ ಅಥವಾ ಪಿಡಿಎಫ್ ರೂಪದ ಪುಸ್ತಕ ಇಂಟರ್ನೆಟ್‌ನಿಂದ ಬರುತ್ತದೆ. ಕಾಲೇಜಿನ ಫೈರ್‌ವಾಲ್ ತಡೆದರೆ ಬರುವುದಿಲ್ಲ. ಮಕ್ಕಳು ಎಷ್ಟೋ ಸಲ ಬರೀ ಚೀಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಊರಿಗೆ ಹೋಗಿಬಿಡುತ್ತಾರೆ. ಮೊದಲೇ ಹೇಳಿ.

ಇನ್ನು ಅಡೋಬಿ ಐಡಿ, ಅಂದರೆ ಪುಸ್ತಕ ಯಾರದೆಂದು ಗುರುತಿಸುವ ಅಡೋಬಿ ಖಾತೆ. ಲೈಬ್ರರಿಯದೇ ಒಂದು ಐಡಿ ಎಲ್ಲಕ್ಕೂ ಹಾಕೋಣ ಅನ್ನಿಸುತ್ತದೆ, ಅಲ್ವಾ? ಒಂದು ಐಡಿಗೆ 6 ಕಂಪ್ಯೂಟರ್ ಮಿತಿ. ಅರ್ಧಕ್ಕೇ ನಿಲ್ಲುತ್ತದೆ. ವಿದ್ಯಾರ್ಥಿಗಳು ಅವರವರ ಐಡಿ ಹಾಕಿದರೂ ತೊಡಕಿದೆ. ಒಬ್ಬ ಹಾಗೇ ಬಿಟ್ಟು ಎದ್ದರೆ, ಅದೇ ಲಾಗಿನ್‌ನಲ್ಲಿ ಮುಂದೆ ಕೂತವನ ಪುಸ್ತಕವೂ ಮೊದಲಿನವನ ಐಡಿಗೇ ಸೇರುತ್ತದೆ. ಇವನ ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದು ತೆರೆಯುವುದಿಲ್ಲ. ಏಳುವ ಮುಂಚೆ ಕಂಟ್ರೋಲ್, ಶಿಫ್ಟ್, ಡಿ ಒಟ್ಟಿಗೆ ಒತ್ತಿ ಐಡಿ ತೆಗೆಯಲು ಕಲಿಸಬೇಕು. ಐಡಿ ಇಲ್ಲದೆಯೂ ಕಂಪ್ಯೂಟರ್‌ಗೆ ಅನುಮತಿ ಕೊಡಬಹುದು. ಆಗ ಪುಸ್ತಕ ಅಲ್ಲಿ ಮಾತ್ರ ತೆರೆಯುತ್ತದೆ. ಲೈಬ್ರರಿಯಲ್ಲೇ ಕೂತು ಓದುವವರು ಜಾಸ್ತಿ ಇದ್ದರೆ ನಾನು ಇದನ್ನೇ ಆರಿಸುತ್ತೇನೆ.

ಕಂಪ್ಯೂಟರನ್ನು ಮತ್ತೆ ಶುರು ಮಾಡಿದಾಗಲೆಲ್ಲ ಅದರಲ್ಲಿ ಉಳಿಸಿದ್ದನ್ನು ಅಳಿಸುವ ತಂತ್ರಾಂಶ ನಿಮ್ಮಲ್ಲಿದ್ದರೆ, ಕರೆಂಟ್ ಹೋಗಿ ಬಂದಾಗ ಓದುತ್ತಿದ್ದ ಪುಸ್ತಕವೂ ಹೋಗಿರುತ್ತದೆ. ಯುಪಿಎಸ್ ಇರುವ ಕಂಪ್ಯೂಟರ್‌ಗಳಿಂದಲೇ ಶುರು ಮಾಡಿ.

ಪರೀಕ್ಷಿಸಲು ಕನ್ನಡ ಪುಸ್ತಕವನ್ನೇ ತೆಗೆದುಕೊಳ್ಳಿ. ಒತ್ತಕ್ಷರ ಸರಿಯಾಗಿ ಕೂತಿವೆಯೇ ನೋಡಿ, ಒಂದು ಪದ ಹುಡುಕಿ. ಯೂನಿಕೋಡ್ ಅಲ್ಲದ, ಹಳೆಯ ನುಡಿ ಫಾಂಟಿನ ಪುಸ್ತಕವಾದರೆ ಓದಲು ಬಂದರೂ ಹುಡುಕಿದ ಪದ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳಿದ್ದರೆ ಎನ್‌ವಿಡಿಎ ಎಂಬ ಉಚಿತ ಓದುಗ ತಂತ್ರಾಂಶವನ್ನೂ ಅದೇ ಕಂಪ್ಯೂಟರ್‌ಗೆ ಹಾಕಿ. ಅದು ಪುಟ ಓದಿ ಹೇಳುತ್ತದೆಯೇ ಎಂದು ಅವರನ್ನೇ ಕೂರಿಸಿ ಕೇಳಿ, ಆಮೇಲೆ ಉಳಿದ 11ಕ್ಕೆ ಕೈಹಾಕಿ.