ಸೈಟೇಶನ್ ಹುಡುಕುವ ಕೆಲಸ ಎಐಗೆ ಹೋದರೆ ಜೂನಿಯರ್ ಕಲಿಯುವುದೆಲ್ಲಿ?

ಎಐಆರ್ 1973 ಎಸ್‌ಸಿ 1461. ಕಾನೂನು ಓದಿದ ಎಷ್ಟೋ ಜನರಿಗೆ ಈ ಸಾಲು ಬಾಯಿಪಾಠ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೆಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೊಕದ್ದಮೆಯ ವಿಳಾಸ ಅದು. ಯಾವ ವರದಿ (ಎಐಆರ್ ಅಂದರೆ ಆಲ್ ಇಂಡಿಯಾ ರಿಪೋರ್ಟರ್), ಯಾವ ವರ್ಷ, ಯಾವ ಕೋರ್ಟು, ಎಷ್ಟನೇ ಪುಟ ಎಂದು ಹೇಳುತ್ತದೆ. ವಕೀಲರ ಬಾಯಲ್ಲಿ ಇದು ಸೈಟೇಶನ್.

ಇದನ್ನು ಹುಡುಕುವುದೇ ಜೂನಿಯರ್ ವಕೀಲರ ಮೊದಲ ಪಾಠವಾಗಿತ್ತು. ಸೀನಿಯರ್ ಒಂದು ಪಾಯಿಂಟ್ ಹೇಳಿ ಕಳಿಸುತ್ತಿದ್ದರು. ಲೈಬ್ರರಿಯಲ್ಲಿ ತೀರ್ಪುಗಳ ಸಾರ ಕೊಡುವ ದಪ್ಪ ಡೈಜೆಸ್ಟ್ ತಿರುವುತ್ತಾ, ಒಂದು ತೀರ್ಪಿಗಾಗಿ ಹತ್ತು ಓದಬೇಕಾಗುತ್ತಿತ್ತು. ಒಂಬತ್ತು ಆ ಕೇಸಿಗೆ ಬೇಕಿರಲಿಲ್ಲ. ಆದರೆ ಅವು ಮುಂದಿನ ಕೇಸುಗಳಿಗೆ ತಲೆಯಲ್ಲಿ ಉಳಿಯುತ್ತಿದ್ದವು.

ಕಂಪ್ಯೂಟರ್ ಬಂದ ಮೇಲೆ ಹುಡುಕಾಟ ಹಗುರಾಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪುಗಳ ಅನುವಾದಕ್ಕೆ ಸುವಾಸ್ ಎಂಬ ಎಐ ತಂತ್ರಾಂಶ ತಂದಿತು. 2023ರ ಜನವರಿಯಲ್ಲಿ ಇ-ಎಸ್‌ಸಿಆರ್ ಎಂಬ ತನ್ನ ಆನ್‌ಲೈನ್ ತೀರ್ಪು ಸಂಗ್ರಹದ ಮೂಲಕ ಸುಮಾರು 34,000 ತೀರ್ಪುಗಳನ್ನು ಉಚಿತವಾಗಿ ಕೊಟ್ಟಿತು. ತಾಲ್ಲೂಕು ಕೋರ್ಟಿನ ವಕೀಲರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ.

ಇವುಗಳಲ್ಲಿ ಕಂಪ್ಯೂಟರ್ ಇದ್ದ ತೀರ್ಪನ್ನು ತೋರಿಸುತ್ತದೆ, ಇಲ್ಲವೇ ಅನುವಾದಿಸುತ್ತದೆ, ಅಷ್ಟೇ. ಆದರೆ 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿ ತಾನೇ ಬರೆಯುತ್ತದೆ. ಮುಂದೆ ಯಾವ ಪದ ಬರಬಹುದು ಎಂದು ಅಂದಾಜು ಮಾಡುತ್ತಾ ಹೋಗುವ ಯಂತ್ರ ಅದು. ಸೈಟೇಶನ್ನಿನ ಅಚ್ಚು ಅದಕ್ಕೆ ಗೊತ್ತು. ಹಾಗಾಗಿ ಹುಟ್ಟದೇ ಇರುವ ಕೇಸಿಗೂ ವರ್ಷ, ಪುಟ ಹಾಕಿ ಕೊಟ್ಟುಬಿಡಬಲ್ಲದು. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಅವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಕೇಸಿನಲ್ಲಿ ಇಂಥ ತೀರ್ಪುಗಳು ಕೋರ್ಟಿನ ಮುಂದೆ ಬಂದವು. ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ನಮ್ಮಲ್ಲೂ ಎಚ್ಚರಿಕೆಯ ಗಂಟೆ ಬಾರಿಸಿದೆ. ಇಲ್ಲದ ತೀರ್ಪುಗಳ ಉಲ್ಲೇಖವಿದ್ದ ಆದೇಶವೊಂದನ್ನು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರ್‌ನಲ್ಲಿ ಹೊರಡಿಸಿ, ಆಮೇಲೆ ಹಿಂಪಡೆಯಿತು. ತೀರ್ಪು ಕೊಡಲು ಎಐ ಬಳಸಬಾರದು ಎಂದು ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ನಿಯಮ ಮಾಡಿತು.

ಸುಳ್ಳು ಸೈಟೇಶನ್ ಹೇಗೋ ಸಿಕ್ಕಿಬೀಳುತ್ತದೆ. ನನಗೆ ಜಾಸ್ತಿ ಚಿಂತೆ ಸರಿಯಾದ ಸಾರಾಂಶದ ಬಗ್ಗೆಯೇ. ಕೇಶವಾನಂದ ತೀರ್ಪಿನ ಸಾರವನ್ನು ಎಐ ಅರ್ಧ ನಿಮಿಷದಲ್ಲಿ ಕೊಡುತ್ತದೆ. ಆದರೆ ಅಲ್ಲಿ 13 ನ್ಯಾಯಮೂರ್ತಿಗಳಿದ್ದರು. ಬಂದದ್ದು 11 ಬೇರೆ ಬೇರೆ ತೀರ್ಪು. ಕೊನೆಗೆ 7-6ರ ಬಹುಮತ. ಆ ಏಳರಲ್ಲೂ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ದಾರಿ ಬೇರೆ. ಉಳಿದ ಆರು ಜನರ ಜೊತೆ ಅವರು ಎಲ್ಲಿ ಕೂಡುತ್ತಾರೆ, ಎಲ್ಲಿ ಬಿಡುತ್ತಾರೆ ಎಂದು ಜೂನಿಯರ್ ತಾನೇ ಕೂತು, ಪೆನ್ಸಿಲ್ ಹಿಡಿದು, ಗುರುತು ಹಾಕಿಕೊಳ್ಳಬೇಕು ಅಲ್ವಾ?